ಮಿಸ್ತ್ರಿ ತರಿಸದ ಕ್ಲಚ್ ವೈರ್

ಮೊನ್ನೆ ಪುಣೆಯ ಖರಾಡಿ ಸಿಗ್ನಲ್ಲಿನಲ್ಲಿ ಮುಂದೆ ನಿಂತಿದ್ದ ಕಾರಿನಿಂದ ಕ್ಲಚ್ ಸುಟ್ಟ ವಾಸನೆ ಬಂತು. ಅಕ್ಕಪಕ್ಕದವರು ಕಿಟಕಿ ಏರಿಸಿಕೊಂಡರು. ನಾನು ಇಳಿಸಿದೆ. ಬಿಬವೇವಾಡಿಯ ಆ ಗ್ಯಾರೇಜಿನಲ್ಲಿ ಸದಾ ಇರುತ್ತಿದ್ದುದು ಇದೇ ವಾಸನೆ...

ಅಲ್ಲಿನ ಮಿಸ್ತ್ರಿ ವಿಜಯಪುರದ ಕಡೆಯವರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಅವರದಕ್ಕಿಂತ ಚೊಕ್ಕ ಗ್ಯಾರೇಜುಗಳು ಪುಣೆಯಲ್ಲಿ ಬೇಕಾದಷ್ಟಿದ್ದವು. ಆದರೆ ಕಾಳಿನ ವ್ಯಾಪಾರಿಯಾಗಿದ್ದ ನಮ್ಮ ಅಪ್ಪನಿಗೆ ದಿನವಿಡೀ ಮರಾಠಿಯಲ್ಲಿ ವ್ಯವಹರಿಸಿ ಸಾಕಾಗಿರುತ್ತಿತ್ತು. ಗಾಡಿಯ ಜಡ್ಡನ್ನಾದರೂ ಕನ್ನಡದಲ್ಲಿ ಹೇಳಿಕೊಳ್ಳೋಣ ಎಂದು ಅಲ್ಲಿಗೇ ಹೋಗುತ್ತಿದ್ದರು.

ಆ ವರ್ಷ ನಮ್ಮ ಹಳೆಯ ಕಾರಿಗೆ ವಿಚಿತ್ರ ರೋಗ ಹತ್ತಿತು. ಸ್ಟಾರ್ಟ್ ಆಗುತ್ತಿತ್ತು, ನಿಂತಲ್ಲಿ ಚೆನ್ನಾಗಿಯೇ ಗುರುಗುಟ್ಟುತ್ತಿತ್ತು. ಅಪ್ಪ ಗೇರ್ ಹಾಕಿದ ತಕ್ಷಣ ಒಮ್ಮೆ ಜಗ್ಗಿ ಬಂದ್ ಬೀಳುತ್ತಿತ್ತು. ನಾನು ಕೂತರೆ ಏನೂ ಇಲ್ಲ. ಮಿಸ್ತ್ರಿ ಊರಿಗೆ ಹೋಗಿದ್ದರಿಂದ ಬೇರೆ ಎರಡು ಗ್ಯಾರೇಜಿಗೆ ತೋರಿಸಿದೆವು. ಅವರು ಪ್ಲಗ್ ಬದಲಿಸಿದರು, ಪೆಟ್ರೋಲ್ ಪೈಪ್ ಸ್ವಚ್ಛ ಮಾಡಿದರು. "ಅಪ್ಪಾ, ಗಾಡಿ ನಿಮ್ಮ ಮ್ಯಾಲ ಮುನಿಸಿಕೊಂಡದ" ಎಂದು ನಾನು ಕಾಡಿಸಿದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಊರಿಂದ ಮರಳಿದ ಮಿಸ್ತ್ರಿ ಬಾನೆಟ್ ಮುಟ್ಟಲಿಲ್ಲ. "ಸಾವ್ಕಾರ್ರ, ನೀವೇ ಚಾಲೂ ಮಾಡ್ರಿ" ಎಂದರು. ದಸರೆಗೆ ಪೂಜೆ ಮಾಡುವ ಗಾಡಿಯೊಳಗೆ ಅಪ್ಪ ಎಂದೂ ಚಪ್ಪಲಿ ಮೆಟ್ಟಿ ಕಾಲಿಟ್ಟವರಲ್ಲ. ಎಂದಿನಂತೆ ಹೊರಗೆ ಬಿಟ್ಟು ಬರಿಗಾಲಲ್ಲಿ ಕೂತರು. ಗೇರ್ ಹಾಕಿದರು, ಬಂದ್ ಬಿತ್ತು. ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಮಿಸ್ತ್ರಿ ಮೂರು ಸಲ ಹಾಗೇ ಮಾಡಿಸಿ ಅಪ್ಪನ ಪಾದವನ್ನೇ ನೋಡಿದರು. ಆಮೇಲೆ ನೆಲದ ಮೇಲಿದ್ದ ಚಪ್ಪಲಿಗಳನ್ನು ನೋಡಿದರು.

"ಕ್ಲಚ್ ವೈರ್ ಹೋಗ್ಯಾದ್ರಿ. ಹಳೇ ಗಾಡಿ, ಪಾರ್ಟ್ ಬರೂದು ತಡಾ ಆಗ್ತದ. ಇಲ್ಲೇ ಬಿಟ್ಟ ಹೋಗ್ರಿ" ಎಂದು ಅಪ್ಪನನ್ನು ಚಹಾ ಕುಡಿಯಲು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ತಮ್ಮಾ, ಗಾಡಿ ಛಲೋ ಅದ. ಕ್ಲಚ್ ಪೂರಾ ಒತ್ತಲಿಕ್ಕೆ ಅವರ ಕಾಲಿಗೆ ಆಗವಲ್ದು. ಅರ್ಧಾ ಒತ್ತಿ ಗೇರ್ ಹಾಕಿದ್ರ ಇಂಜಿನ್ ಬಂದ್ ಬೀಳೂದೇ. ಚಪ್ಪಲಿ ನೋಡೀಯೇನು? ಎಡದ್ದರ ತುದಿ ಅಷ್ಟೇ ಸವದದ. ನಾಳೇನೇ ಡಾಕ್ಟರ್ ಕಡೆ ಕರಕೊಂಡ ಹೋಗು."

ಚಹಾದಂಗಡಿಯತ್ತ ನಡೆಯುತ್ತಿದ್ದ ಅಪ್ಪನನ್ನು ಹಿಂದಿನಿಂದ ನೋಡಿದೆ. ಎಡಗಾಲು ನೆಲ ಕೆರೆಯುತ್ತಿತ್ತು. ಒಂದೇ ಮನೆಯಲ್ಲಿದ್ದೂ ನನಗೆ ಅದು ಕಂಡಿರಲಿಲ್ಲ.

ನರದ ಕಾಯಿಲೆ, ಏರುತ್ತಲೇ ಹೋಗುತ್ತದೆ ಎಂದು ಡಾಕ್ಟರು ನನಗೊಬ್ಬನಿಗೇ ಹೇಳಿದರು. ಬರೀ ವಾಯು, ಗುಳಿಗೆಗೆ ಇಳಿಯುತ್ತದೆ ಎಂದು ನಾನು ಅಪ್ಪನಿಗೆ ಹೇಳಿದೆ. ಇನ್ನು ಸ್ಟೇರಿಂಗ್ ಹಿಡಿಯುವ ಹಾಗಿಲ್ಲ ಅಂದರೆ ಆ ಜೀವ ಅಂದೇ ಕುಸಿಯುತ್ತದೆ ಎಂಬ ಹೆದರಿಕೆ. ಪಾರ್ಟ್ ಬಂದಿಲ್ಲ ಎಂದೇ ಹೇಳುತ್ತಿರಿ ಎಂದು ಮಿಸ್ತ್ರಿಯನ್ನು ಬೇಡಿಕೊಂಡೆ. ಅವರು ಆಗಲಿ ಎಂದು ತಲೆಯಾಡಿಸಿದರು.

ಅಲ್ಲಿಂದ ದಿನಾ ಸಂಜೆ ಅಪ್ಪ ರಿಕ್ಷಾ ಮಾಡಿಕೊಂಡು ಗ್ಯಾರೇಜಿಗೆ ಹೋಗುತ್ತಿದ್ದರು. "ಬಂತೇನು, ಮಿಸ್ತ್ರಿ?" "ಇನ್ನಾ ಇಲ್ರಿ." ಒಂದು ತಾಸು ಕೂತು ಬರುತ್ತಿದ್ದರು. ಅಪ್ಪ ಹಾಸಿಗೆ ಹಿಡಿದ ಮೇಲೆ ಮಿಸ್ತ್ರಿಯೇ ಕೈ ತೊಳೆದುಕೊಂಡು ಮನೆಗೆ ಬರತೊಡಗಿದರು. ಪಾರ್ಟ್ ಇನ್ನೂ ತರಿಸಿಲ್ಲವೆಂದು ಅಪ್ಪ ಬೈಯುತ್ತಿದ್ದರು, ಅವರು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದರು. ಸುಳ್ಳು ನಿಂತಿತಲ್ಲ ಎಂದು ನಾನು ಬಾಗಿಲ ಮರೆಯಲ್ಲಿ ಸಮಾಧಾನಪಡುತ್ತಿದ್ದೆ...

ಅಪ್ಪ ತೀರಿಕೊಂಡು ದಿನಕರ್ಮ ಮುಗಿದ ಮೇಲೆ ಗಾಡಿ ತರಲು ಹೋದೆ. ಕೀಲಿ ಕೈಗಿಡುತ್ತ ಮಿಸ್ತ್ರಿ ಹೇಳಿದರು:

"ಸಾವ್ಕಾರ್ರಿಗೆ ಮೊದಲಿಂದ್ಲೇ ಗೊತ್ತಿತ್ತು, ತಮ್ಮಾ. ಎರಡನೇ ದಿನಾನೇ ಕೇಳಿದ್ರು, ಮಿಸ್ತ್ರಿ, ಕೆಟ್ಟಿದ್ದು ಗಾಡಿಯೋ ನಾನೋ ಅಂತ. ನಾ ಅವರ ಎಡಗಾಲ ಚಪ್ಪಲಿ ನೋಡಿದೆ. ಹಂಗಾದ್ರ ಪಾರ್ಟ್ ಬರೂದು ಬ್ಯಾಡ, ನನಗ ಗೊತ್ತಿಲ್ಲ ಅಂತನೇ ನನ್ನ ಮಗ ತಿಳಕೊಂಡಿರಲಿ, ಇಲ್ಲಾಂದ್ರ ಅವಾ ಭಾಳ ಹೆದರ್ತಾನ ಅಂದ್ರು."

ನನಗೆ ಸಿಟ್ಟು ಬಂತು. ಇಬ್ಬರೂ ಸೇರಿ ನನ್ನನ್ನು ಮಗುವಿನಂತೆ ಆಡಿಸಿದರಲ್ಲ ಎಂಬ ಸಿಟ್ಟು. ಗಾಡಿ ತಿರುಗಿಸಿಕೊಂಡು ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ.

ಹೋದ ವರ್ಷ ಮಿಸ್ತ್ರಿಯೂ ತೀರಿಕೊಂಡರೆಂದು ಕೇಳಿದೆ. ನಾಳೆ ಹೋದರಾಯಿತು ಎನ್ನುತ್ತ ವರ್ಷಗಳನ್ನೇ ಕಳೆದಿದ್ದೆ. ತನ್ನ ಸಾವು ಬರುತ್ತಿದೆ ಎಂದು ತಿಳಿದೂ ಅಪ್ಪ ನನ್ನೆದುರು ಗಾಡಿಯ ಮಾತೇ ಆಡಿದರು. ಉಳಿದದ್ದನ್ನೆಲ್ಲ ಆ ಗ್ಯಾರೇಜಿನ ಸಂಜೆಗಳಲ್ಲಿ ಆಡಿರಬೇಕು. ಹೆದರಿದ್ದರೇ, ಅತ್ತಿದ್ದರೇ, ನನ್ನ ಬಗ್ಗೆ ಏನಂದರು? ಹೇಳಬಲ್ಲವರು ಒಬ್ಬರೇ ಇದ್ದರು. ಅವರನ್ನು ನಾನು ಏನೂ ಕೇಳದೆ ಬಂದುಬಿಟ್ಟೆ. ಇನ್ನು ಕೇಳಲು ಯಾರೂ ಇಲ್ಲ.