ನೀರಿಗಿಳಿದ ಅಂಗೈ ಕ್ಯಾಮೆರಾ

ನನ್ನ ಚಿಕ್ಕಪ್ಪನನ್ನು ಬಂದರಿನಲ್ಲಿ ಎಲ್ಲರೂ ಮುಳುಗಪ್ಪ ಎಂದೇ ಕರೆಯುತ್ತಿದ್ದರು. ದೋಣಿಗಳ ಅಡಿಗೆ ಅಂಟಿಕೊಳ್ಳುವ ಪಾಚಿಯನ್ನೂ ಚಿಪ್ಪನ್ನೂ ನೀರಿನೊಳಗೇ ಕೆರೆದು ತೆಗೆಯುವುದು ಅವನ ಕೆಲಸ. ಜೆಟ್ಟಿಯ ಮೇಲಿನ ಪಂಪಿನಿಂದ ಬರುವ ಗಾಳಿಯ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು, ಸೊಂಟಕ್ಕೆ ಸೀಸದ ಪಟ್ಟಿ ಬಿಗಿದುಕೊಂಡು ಇಳಿದನೆಂದರೆ, ಆಮೇಲೆ ಮೇಲಿದ್ದವರಿಗೆ ಕಾಣಿಸುತ್ತಿದ್ದುದು ಗುಳ್ಳೆಗಳು ಮಾತ್ರ. "ನನ್ನ ಗಂಡ ಮುಳುಗಿದ್ರೇನೇ ನಮ್ಮನೆ ತೇಲೋದು" ಎಂದು ಚಿಕ್ಕಮ್ಮ ನಗುತ್ತಿದ್ದಳು.

ದೋಣಿ ರಿಪೇರಿ ಶೆಡ್ಡಿನ ಮೇಲಿನ ಎರಡು ಕೋಣೆಗಳೇ ಅವರ ಮನೆ. ಒಂದರಲ್ಲಿ ಚಿಕ್ಕಮ್ಮನ ಹೊಲಿಗೆ ಯಂತ್ರ. ದೋಣಿಗಳಿಗೆ ಹೊದಿಸುವ ಟಾರ್ಪಾಲು, ಸೀಟಿನ ಗವಸು ಹೊಲಿಯುತ್ತಿದ್ದಳು. ನೆಲದ ತುಂಬ ನೀಲಿ ಟಾರ್ಪಾಲು ಹರಡಿರುತ್ತಿದ್ದರಿಂದ ಮನೆಗೆ ಬಂದವರು ಗೋಡೆಗೆ ಬೆನ್ನು ತಾಗಿಸಿಕೊಂಡು ಅಡುಗೆ ಒಲೆಯ ತನಕ ಹೋಗಬೇಕಿತ್ತು. ಮದುವೆಯಾದ ಹೊಸದರಲ್ಲಿ ಅವಳು ದಿನಾ ಕೇಳುತ್ತಿದ್ದಳಂತೆ, "ಕೆಳಗೆ ಏನಿರುತ್ತೆ ರೀ?" ಚಿಕ್ಕಪ್ಪನದು ಒಂದೇ ಉತ್ತರ: "ಏನಿರುತ್ತೆ? ಕೆಸರು, ಕತ್ತಲೆ, ಜೊತೆಗೆ ನಾನು." ಹೇಳಲು ಇಷ್ಟವಿಲ್ಲ ಎಂದಲ್ಲ, ಮಾತು ಅವನಿಗೆ ಒಲಿದಿರಲಿಲ್ಲ. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅವನಿಗೆ ಉಸಿರು ಕಟ್ಟುತ್ತಿತ್ತು. ಬರಬರುತ್ತಾ ಅವಳು ಕೇಳುವುದನ್ನೇ ಬಿಟ್ಟಳು.

ಆ ವರ್ಷ ಅವನ ಕಿವಿಯಿಂದ ರಕ್ತ ಬಂತು. ವೈದ್ಯರು ನೋಡಿ, "ಮಳೆಗಾಲ ಶುರುವಾಗೋ ಹೊತ್ತಿಗೆ ಈ ಕೆಲಸ ಬಿಟ್ಟುಬಿಡಿ, ಅಲ್ಲೀವರೆಗೂ ಆಳಕ್ಕೆ ಹೋಗಬೇಡಿ" ಎಂದರು. ಚಿಕ್ಕಪ್ಪ ತಲೆಯಾಡಿಸಿ ಬಂದ. ಬೇಸರ ಪಟ್ಟಂತೆ ಕಾಣಲಿಲ್ಲ. ಆದರೆ ಮುಂದಿನ ವಾರ ನಾನು ಹೋದಾಗ, ಫೋನು ಬಂದ ಮೇಲೆ ಮೂಲೆಗೆ ಬಿದ್ದಿದ್ದ ನನ್ನ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾವನ್ನು ನೆನಪಿಸಿಕೊಂಡು ಕೇಳಿದ:

"ಅದು ಇನ್ನೂ ಇದೆಯಾ ಮಗಳೇ?"

"ಇದೆ. ಯಾಕೆ ಚಿಕ್ಕಪ್ಪ?"

"ನೀರಿಗಿಳಿಯುತ್ತಾ?"

"ಇಳಿಯುತ್ತೆ. ಆದ್ರೆ ಮತ್ತೆ ಏಳಲ್ಲ."

ಅವನು ನಗಲಿಲ್ಲ. ಒಳಗೆ ಯಂತ್ರ ತುಳಿಯುತ್ತಿದ್ದ ಚಿಕ್ಕಮ್ಮನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ಇವಳಿಗೊಂದ್ಸಲ ತೋರಿಸ್ಬೇಕು. ನಾನು ಬಿಟ್ಟ ಮೇಲೆ ಯಾರು ತೋರಿಸ್ತಾರೆ?"

ಹಾಗಾಗಿ ನಾವಿಬ್ಬರೂ ಪೇಟೆಯ ಕ್ಯಾಮೆರಾ ಅಂಗಡಿಗೆ ಹೋದೆವು. ಗಾಜಿನ ಕಪಾಟುಗಳ ನಡುವೆ ಒಬ್ಬರೇ ನಿಲ್ಲಬಹುದಾದಷ್ಟು ಇಕ್ಕಟ್ಟಿನ ಅಂಗಡಿ. ಸೇಲ್ಸ್‌ಮನ್ ನಮ್ಮನ್ನು ಕಂಡದ್ದೇ ತಡ, ಮೇಜಿನ ಮೇಲೆ ಸಂತೆ ನೆರೆಸಿದ. ಮೂರು ಖಾನೆಯ ಚೀಲ, ಸೊಂಟದೆತ್ತರದ ಸ್ಟ್ಯಾಂಡು, ಒರೆಸುವ ಬ್ರಷ್ಷುಗಳ ಡಬ್ಬಿ, ಬಣ್ಣ ಬಣ್ಣದ ಗಾಜು. ಚಿಕ್ಕಪ್ಪ ಒಂದೊಂದನ್ನೂ ಎತ್ತಿ, ತೂಗಿ, ಅಷ್ಟೇ ಮರ್ಯಾದೆಯಿಂದ ವಾಪಸ್ಸಿಡುತ್ತಿದ್ದ. ಒಳಗಿನಿಂದ ಅಂಗಡಿಯ ಒಡತಿ ಬಂದರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ, ಮಾತಿನ ಮಲ್ಲಿಯಂಥ ಹೆಂಗಸು.

"ಯಜಮಾನ್ರೇ, ಫೋಟೋ ತೆಗೆಯುವಾಗ ನಿಮ್ಮ ಇನ್ನೊಂದು ಕೈಯಲ್ಲಿ ಏನಿರುತ್ತೆ?" ಎಂದು ಕೇಳಿದರು.

ಅಂಥ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ. "ಜೆಟ್ಟಿ ಕಂಬ" ಎಂದ. "ಕೈ ಬಿಟ್ರೆ ಸೆಳವು ಎಳ್ಕೊಂಡು ಹೋಗುತ್ತೆ."

"ಹಾಗಿದ್ರೆ ಇದ್ಯಾವುದೂ ಬೇಡ" ಎಂದು ಅವರು ಮೊಣಕೈಯಿಂದ ಸಾಮಾನನ್ನೆಲ್ಲ ಆಚೆ ಸರಿಸಿದರು. "ಕ್ಯಾಮೆರಾ ಸಣ್ಣದು ಅಂತ ಆಸೆಪಟ್ಟು ತಗೋತಾರೆ, ಆಮೇಲೆ ಸಾಮಾನು ಹೇರಿ ಹೇರಿ ಅದನ್ನ ಮನೇಲೇ ಬಿಟ್ಟು ಹೋಗ್ತಾರೆ. ಮೂಗಿಗಿಂತ ಮೂಗುತಿ ಭಾರ ಆಗಬಾರದು ನೋಡಿ."

ನೀರು ಹೋಗದ ಗಟ್ಟಿ ಪಾರದರ್ಶಕ ಪೆಟ್ಟಿಗೆಯೊಂದನ್ನು ಅವರು ಹುಡುಕಿ ತೆಗೆದರು. ನನ್ನ ಕ್ಯಾಮೆರಾದ ಮಾದರಿಗೇ ಮಾಡಿದ್ದು. ಬೇರೆಯದಾದರೆ ಗುಂಡಿಗಳು ಸರಿಯಾಗಿ ಕೂರುವುದಿಲ್ಲವಂತೆ. ಆಮೇಲೆ ಮಣಿಕಟ್ಟಿಗೆ ಹಾಕುವ, ಸ್ಪಂಜು ತುಂಬಿದ ಕಿತ್ತಳೆ ಬಣ್ಣದ ಪಟ್ಟಿ. ಕೈ ಜಾರಿದರೂ ಕ್ಯಾಮೆರಾವನ್ನು ಅದು ಮೇಲಕ್ಕೆ ತೇಲಿಸುತ್ತದೆ. ಇನ್ನೊಂದು ಬ್ಯಾಟರಿ. ನೀರಿನೊಳಗೆ ಉರಿಯುವ ಚಿಕ್ಕ ಟಾರ್ಚು. "ಕ್ಯಾಮೆರಾದ ಫ್ಲ್ಯಾಶ್ ಹಾಕಬೇಡಿ, ನೀರಲ್ಲಿರೋ ಕಸವೆಲ್ಲ ಬೆಳ್ಳಗೆ ಬಂದ್ಬಿಡುತ್ತೆ. ಬೆಳಕು ಪಕ್ಕದಿಂದ ಬೀಳಲಿ. ಮತ್ತೆ ಈ ರಬ್ಬರ್ ಅಂಚಿದೆಯಲ್ಲ, ಇದರ ಮೇಲೆ ಒಂದು ಕೂದಲು ಕೂತ್ರೂ ಮುಗೀತು ಕಥೆ. ಮೊದಲನೇ ಸಲ ಕ್ಯಾಮೆರಾ ಹಾಕದೆ, ಒಳಗೆ ಬರೀ ಕಾಗದ ಇಟ್ಟು ಮುಳುಗಿಸಿ ನೋಡಿ."

ಕಾಗದ ಒಣಗಿಯೇ ಮೇಲೆ ಬಂತು. ಆದರೆ ಕ್ಯಾಮೆರಾ ಇಟ್ಟು ಇಳಿದ ದಿನ ಬಂದ ಚಿತ್ರಗಳಲ್ಲಿ ಮಂಜೋ ಮಂಜು. ತಣ್ಣೀರಿಗೆ ಪೆಟ್ಟಿಗೆಯ ಒಳಮೈ ಬೆವರಿತ್ತು. ಅಷ್ಟರಲ್ಲಿ ಗುಟ್ಟು ಚಿಕ್ಕಮ್ಮನಿಗೆ ಗೊತ್ತಾಗಿಹೋಗಿತ್ತು. ಗಂಡ ಬಚ್ಚಲಿನ ಬಕೆಟ್ಟಿನಲ್ಲಿ ಖಾಲಿ ಪೆಟ್ಟಿಗೆಗೆ ಸ್ನಾನ ಮಾಡಿಸುತ್ತಾ ಕೂತರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಅವಳು ಚಪ್ಪಲಿ ಅಂಗಡಿಯಿಂದ, ಹೊಸ ಶೂ ಡಬ್ಬಿಗಳಲ್ಲಿ ಬರುವ, ತೇವ ಹೀರುವ ಹರಳಿನ ಪೊಟ್ಟಣಗಳನ್ನು ಕೇಳಿ ತಂದು ಒಂದನ್ನು ಕ್ಯಾಮೆರಾದ ಪಕ್ಕಕ್ಕೆ ತುರುಕಿದಳು. ಟಾರ್ಚು ಹಿಡಿಯಲು ಮೂರನೇ ಕೈ ಇಲ್ಲವೆಂದು ಟಾರ್ಪಾಲಿನ ತುಂಡಿನಿಂದ ಒಂದು ಪಟ್ಟಿ ಹೊಲಿದು, ಟಾರ್ಚನ್ನು ಅವನ ಮುಂಗೈಗೆ ಕಟ್ಟುವ ಹಾಗೆ ಮಾಡಿಕೊಟ್ಟಳು.

ಮರುದಿನ ಬೆಳಿಗ್ಗೆ ಉಬ್ಬರ ಏರಿ ನೀರು ತಿಳಿಯಾಗಿದ್ದಾಗ ಚಿಕ್ಕಪ್ಪ ಇಳಿದ. ಊಟದ ಹೊತ್ತಿಗೆ ಚಿತ್ರಗಳನ್ನು ಟಿವಿಗೆ ಹಾಕಿದೆ. ನಾನೂ ಚಿಕ್ಕಮ್ಮನೂ ನೀಲಿ ಟಾರ್ಪಾಲಿನ ಮೇಲೆಯೇ ಕೂತೆವು.

ಜೆಟ್ಟಿಯ ಕಂಬಗಳನ್ನು ನಾನು ಹುಟ್ಟಿದಾಗಿನಿಂದ ಕಂಡಿದ್ದೆ. ಎಣ್ಣೆ ಮೆತ್ತಿದ, ಕರಿಬಣ್ಣದ, ಯಾರೂ ಎರಡನೇ ಸಲ ನೋಡದ ಕಂಬಗಳು. ನೀರಿನ ಗೆರೆಯ ಕೆಳಗೆ ಅವೇ ಕಂಬಗಳು ಕೇಸರಿ, ನೇರಳೆ, ಹಾಲುಬಿಳುಪು ಬಣ್ಣಗಳಲ್ಲಿ ಅರಳಿ ನಿಂತಿದ್ದವು. ಬೆರಳುಗಳಂತೆ ಬಿಚ್ಚಿಕೊಂಡ ಹೂವುಗಳು; ಅವು ಹೂವಲ್ಲ, ಪ್ರಾಣಿಗಳು. ಸೀಗಡಿಯೊಂದರ ಮೈಯೊಳಗಿಂದ ಹಿಂದಿನ ಕಂಬ ಕಾಣುತ್ತಿತ್ತು. ನಾವು ದಿನವೂ ಚಪ್ಪಲಿ ಸವೆಸುವ ಹಲಗೆಗಳ ಕೆಳಗೆ ಇಷ್ಟೆಲ್ಲ ಇತ್ತು. ಚಿಕ್ಕಮ್ಮ ತುತ್ತು ಕೈಯಲ್ಲೇ ಹಿಡಿದು, "ಇದನ್ನಾ ಕೆಸರು ಅಂತಿದ್ದದ್ದು ನೀವು?" ಎಂದಳು. ಚಿಕ್ಕಪ್ಪ ತಟ್ಟೆ ನೋಡುತ್ತಾ, "ಕೆಸರೂ ಇದೆ" ಎಂದ.

ಒಂದು ಚಿತ್ರದಲ್ಲಿ, ಕಂಬಕ್ಕೆ ಬಿಗಿದಿದ್ದ ಮುರುಕು ಕೊಳವೆಯೊಂದು ಮೂಲೆಯಲ್ಲಿತ್ತು. ಮುಂದಕ್ಕೆ ಹೋಗುತ್ತಿದ್ದ ನನ್ನ ಕೈ ಹಿಡಿದು ಚಿಕ್ಕಮ್ಮ ನಿಲ್ಲಿಸಿದಳು. "ಇರು ಇರು. ಆ ಕೊಳವೆಯೊಳಗೆ ಯಾರೋ ಮಣಿ ಹೊಲಿದಿದಾರೆ."

ದೊಡ್ಡದು ಮಾಡಿದೆ. ಮಸುಕಾಗಿತ್ತು. ಚಿಕ್ಕಪ್ಪನೂ ಎದ್ದು ಬಂದು ಟಿವಿಗೆ ಮೂಗು ತಾಗಿಸಿ ನೋಡಿದ. ಅವನಿಗೂ ಅದೇನೆಂದು ಗೊತ್ತಾಗಲಿಲ್ಲ.

ಮಾರನೇ ದಿನ ಅವನು ಹೋಗಿದ್ದು ಆ ಕೊಳವೆಗಾಗಿಯೇ. ಹೂವಿನ ಗುರುತಿನ ಗುಂಡಿ ಒತ್ತಿದರೆ ಹತ್ತಿರದ ವಸ್ತು ಸ್ಪಷ್ಟವಾಗಿ ಬರುತ್ತದೆಂದು ಹೇಳಿಕೊಟ್ಟಿದ್ದೆ. ಟಾರ್ಚಿನ ಬೆಳಕು ಪಕ್ಕದಿಂದ ಬಿದ್ದಿತ್ತು. ಕೊಳವೆಯ ಬಾಯಲ್ಲಿ ಹೆಬ್ಬೆರಳುದ್ದದ, ದಪ್ಪ ತುಟಿಯ, ಸಿಟ್ಟುಮೋರೆಯ ಮೀನೊಂದು ಕಾವಲು ಕೂತಿತ್ತು. ಅದರ ಹಿಂದೆ, ಒಳಗೋಡೆಯ ತುಂಬ, ಒತ್ತೊತ್ತಾಗಿ ಗಾಜಿನ ಕಾಳುಗಳು. ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುವವಳಂತೆ ಕಣ್ಣು ಕಿರಿದಾಗಿಸಿದಳು.

"ಮಣಿ ಅಲ್ಲ ರೀ. ಒಂದೊಂದರಲ್ಲೂ ಎರಡೆರಡು ಬೆಳ್ಳಿ ಚುಕ್ಕಿ ಇದೆ." ಆಮೇಲೆ ಅವಳ ದನಿ ಇಳಿದುಹೋಯಿತು. "ಅಯ್ಯೋ, ಕಣ್ಣು. ಇವು ನಮ್ಮನ್ನೇ ನೋಡ್ತಾ ಇದಾವೆ."

ಇನ್ನೂ ಹುಟ್ಟದೇ ಇರುವವು ಮೊಟ್ಟೆಯೊಳಗಿನಿಂದ ಬೆಳಕಿನ ಕಡೆಗೆ ನೋಡುತ್ತಿದ್ದವು.

ಮೊಟ್ಟೆ ಕಾಯುತ್ತಿರುವುದು ಗಂಡುಮೀನು ಎಂದು ನಾನು ಫೋನಿನಲ್ಲಿ ಹುಡುಕಿ ಹೇಳಿದೆ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಬಸುರಿ ಇದ್ದ ಹಾಗೆಯೇ ಆಯಿತು. ಬೆಳಿಗ್ಗೆ ಚಿಕ್ಕಪ್ಪ ಇಳಿದು ಬರುವುದು, ಮಧ್ಯಾಹ್ನ ಚಿಕ್ಕಮ್ಮ ಹೊಲಿಗೆ ಬಿಟ್ಟು ಟಿವಿ ಮುಂದೆ ಕೂರುವುದು. "ಅಪ್ಪ ಊಟ ಮಾಡಿದ ಹಾಗಿಲ್ಲ, ಬಡವಾಗಿದಾನೆ" ಎಂದು ಮೀನಿಗಾಗಿ ಕನಿಕರ ಪಡುವುದು. ಅದು ರೆಕ್ಕೆ ಬೀಸಿ ಬೀಸಿ ಮೊಟ್ಟೆಗಳಿಗೆ ಹೊಸ ನೀರು ತಳ್ಳುವುದನ್ನು ವಿಡಿಯೋದಲ್ಲಿ ಕಂಡು, "ನೋಡಿ, ಬೀಸಣಿಗೆ ಬೀಸೋದನ್ನ ಕಲೀರಿ" ಎಂದು ಗಂಡನನ್ನು ತಿವಿಯುವುದು. ಪಕ್ಕದ ದೋಣಿಯ ಮಾಲೀಕ ಕಂಬವನ್ನೂ ಒಂದಿಷ್ಟು ಕೆರೆದುಕೊಡು ಎಂದಾಗ ಚಿಕ್ಕಪ್ಪ, "ಅಲ್ಲಿ ಬಾಣಂತನ ನಡೀತಿದೆ" ಎಂದುಬಿಟ್ಟನಂತೆ.

ಒಂದು ದಿನ ಕಣ್ಣುಗಳು ಮೊಟ್ಟೆಯ ತುಂಬ ತುಂಬಿಕೊಂಡಿದ್ದವು. "ಇನ್ನೇನು ಒಡೀತಾವೆ. ಇವತ್ತು ಸಂಜೆ ಹೋಗೋಣ" ಎಂದಳು ಚಿಕ್ಕಮ್ಮ. ಹೋಗೋಣ ಎಂದದ್ದು ಅವಳು. ಅಷ್ಟು ವರ್ಷಗಳಲ್ಲಿ ಗಂಡ ಮುಳುಗುವುದನ್ನು ನೋಡಲು ಒಮ್ಮೆಯೂ ಬಂದವಳಲ್ಲ. ಸೂರ್ಯ ಇಳಿಯುತ್ತಿದ್ದಾಗ ಜೆಟ್ಟಿಯ ಕೊನೆಯ ಮೆಟ್ಟಿಲಲ್ಲಿ ಸೀರೆ ಎತ್ತಿ ಕಟ್ಟಿ ಕೂತಳು. ಪಂಪಿನ ಹತ್ತಿರ ಚಿಕ್ಕಪ್ಪನ ಹಳೆಯ ಜೊತೆಗಾರ ಗಾಳಿಯ ಕೊಳವೆ ಬಿಡುತ್ತಾ ನಿಂತ. ಹೊಸದಾಗಿ ಚಾರ್ಜು ಮಾಡಿದ ಬ್ಯಾಟರಿ ಹಾಕಿ, ರಬ್ಬರ್ ಅಂಚನ್ನು ಅವಳೇ ಬೆರಳಿಂದ ಸವರಿ ನೋಡಿ ಕೊಟ್ಟಳು.

ಗುಳ್ಳೆಗಳು ಒಂದೇ ಕಡೆ ಏಳುತ್ತಿದ್ದವು. ನೀರಿನೊಳಗೆ ಹಸಿರು ಬೆಳಕಿನ ಒಂದು ಉಂಡೆ ಅಲ್ಲಾಡುತ್ತಿತ್ತು. ಚಿಕ್ಕಮ್ಮ ನೀರಿನ ಮೇಲೆ ಬಾಗಿ ಅದನ್ನೇ ನೋಡುತ್ತಿದ್ದಳು. ಬಹಳ ಹೊತ್ತಾಯಿತು. ಇದ್ದಕ್ಕಿದ್ದಂತೆ ಕಿತ್ತಳೆ ಪಟ್ಟಿ ನೀರು ಸೀಳಿ ಮೇಲೆ ಚಿಮ್ಮಿತು. ಅದರ ತುದಿಯಲ್ಲಿ ಕ್ಯಾಮೆರಾ. ಅವನಿಲ್ಲ.

ಚಿಕ್ಕಮ್ಮ "ರೀ!" ಎಂದು ಕೂಗಿದ ಕೂಗಿಗೆ ಜೆಟ್ಟಿಯ ಮೇಲಿದ್ದವರೆಲ್ಲ ತಿರುಗಿದರು. ಅವಳು ಮೊಣಕಾಲುದ್ದ ನೀರಿಗೆ ಇಳಿದು ಬಾಗಿದಳು. ಜೊತೆಗಾರ ಗಾಳಿಯ ಕೊಳವೆ ಜಗ್ಗಿದ. ಆಗ ಚಿಕ್ಕಪ್ಪನ ತಲೆ ಎದ್ದಿತು. ಬಾಯಿಂದ ಕೊಳವೆ ತೆಗೆದು ಏದುಸಿರು ಬಿಡುತ್ತಾ ಅವನು ಹೇಳಿದ್ದಿಷ್ಟೆ: "ಪಟ್ಟಿ ಜಾರಿ ಕ್ಯಾಮೆರಾ ಕೈ ಬಿಟ್ಟುಹೋಯ್ತು ಕಣೇ. ನೋಡ್ತಾ ನೋಡ್ತಾ ಕೈ ಬಿಟ್ಟೇಹೋಯ್ತು."

ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಕ್ಯಾಮೆರಾದ ಹಿಂದಿನ ಅಂಗೈಯಗಲದ ಪರದೆಯಲ್ಲೇ ನೋಡಿದೆವು. ಮೀನು ರೆಕ್ಕೆ ಜೋರಾಗಿ ಬೀಸುತ್ತದೆ. ಒಂದು ಕಾಳು ಒಡೆಯುತ್ತದೆ. ಪಕ್ಕದ್ದು, ಅದರ ಪಕ್ಕದ್ದು. ಆಮೇಲೆ ಇಡೀ ಗೋಡೆಯೇ ಕರಗಿದಂತೆ, ಕಣ್ಣುಗಳನ್ನು ಮಾತ್ರ ಹೊತ್ತ ಗಾಜಿನ ಎಳೆಗಳು ಕೊಳವೆಯ ಬಾಯಿಂದ ಹೊರಗೆ ಸುರಿಯುತ್ತವೆ. ಟಾರ್ಚಿನ ಬೆಳಕಿನಲ್ಲಿ ಸಾವಿರ ಕಿಡಿಗಳು. ಒಂದೊಂದಕ್ಕೂ ಜೀವ. ಅಪ್ಪಮೀನು ಅವುಗಳ ನಡುವೆ ಸುಮ್ಮನೆ ನಿಂತುಬಿಡುತ್ತದೆ. ಅಲ್ಲಿಗೆ ಚಿತ್ರ ತಿರುಗಿ, ಹೊರಳಿ, ಮೇಲೇರತೊಡಗುತ್ತದೆ. ಮರಿಗಳೂ ಜೊತೆಗೇ ಏರುತ್ತಿವೆ. ಮೇಲೆ ನೀರಿನ ಚಾವಣಿ, ಸಂಜೆಯ ಬಂಗಾರ ಬಣ್ಣ ಅಲೆಅಲೆಯಾಗಿ ಮಡಿಚಿ ಬಿಚ್ಚುತ್ತಿದೆ. ಅದರ ಆಚೆ, ಅಲುಗಾಡುತ್ತಾ, ಬಾಗಿದ ಒಂದು ಮುಖ.

"ಅದ್ಯಾರು?" ಎಂದಳು ಚಿಕ್ಕಮ್ಮ.

"ನೀನೇ" ಎಂದ ಚಿಕ್ಕಪ್ಪ. "ಕೆಳಗಿಂದ ಹೀಗೆ ಕಾಣ್ತೀಯ."

ಮಳೆಗಾಲಕ್ಕೆ ಮುಂಚೆ ಅವನು ಕೆಲಸ ಬಿಟ್ಟ. ಅವನ ಜಾಗಕ್ಕೆ ಬಂದ ಹೆಂಗಸಿಗೆ ದೋಣಿಗಳನ್ನು ಪರಿಚಯಿಸುವಾಗ ಮೊದಲು ತೋರಿಸಿದ್ದು ಆ ಕೊಳವೆಯ ಚಿತ್ರವನ್ನು. ಈಗ ಅವಳೇ ಕ್ಯಾಮೆರಾ ಒಯ್ಯುತ್ತಾಳೆ. ಚಿಕ್ಕಪ್ಪ ಚಿಕ್ಕಮ್ಮನ ಎದುರು ಕೂತು ಟಾರ್ಪಾಲಿಗೆ ಹಗ್ಗ ಪೋಣಿಸುವ ಲೋಹದ ಕಣ್ಣಿ ಬಡಿಯುತ್ತಾನೆ. ಅವಳು "ಅಲ್ಲಿ ಇನ್ನೇನಿರುತ್ತಿತ್ತು ರೀ?" ಎಂದರೆ ಸುತ್ತಿಗೆ ಕೆಳಗಿಟ್ಟು, ತಡವರಿಸುತ್ತಾ ಹೇಳಲು ಶುರುಮಾಡುತ್ತಾನೆ.