ನನ್ನ ಕೆಲಸ ನೋಡಾಕ ಬಂದವರು

ಒಂದು ಕಾಲಕ್ಕ ನಿಪ್ಪಾಣಿಯಾಗ ನಾ ಬರೆದ ಬೋರ್ಡ್ ಇಲ್ಲದ ಗಲ್ಲಿ ಇರಲಿಲ್ಲ. ಮ್ಯಾಲೆ ಮರಾಠಿ, ಕೆಳಗ ಕನ್ನಡ, ಮೂಲ್ಯಾಗ ಇಂಗ್ಲೀಷ್, ಎಲ್ಲಾ ಒಂದ ಕುಂಚದಾಗಿಂದ ಇಳೀತಿದ್ದವು. ಇಂಗ್ಲೀಷ್ ಅಕ್ಷರ ಮುತ್ತಿನಂಗ ಬರೀತಿದ್ದೆ ಖರೆ, ಆದ್ರ ಏನ್ ಬರದೇನಿ ಅನ್ನೋದು ನನಗ ಗೊತ್ತಿರತಿರಲಿಲ್ಲ. ಗಿರಾಕಿಗೂ ಗೊತ್ತಿರತಿರಲಿಲ್ಲ. ಹಂಗಾಗಿ ಯಾವತ್ತೂ ತಕರಾರ ಬರಲಿಲ್ಲ.

ಅಷ್ಟರಾಗ ಫ್ಲೆಕ್ಸ್ ಮಷಿನ್ ಬಂತು. ನಾ ನಾಕ ದಿನ ಬಿಸಲಾಗ ಕುಂತು ಬರಿಯೋ ಬೋರ್ಡನ್ನ ಅದು ಗಿರಾಕಿ ಚಾ ಕುಡಿಯೋದರಾಗ ಉಗಳತಿತ್ತು. ನನ್ನ ಸಿಟ್ಟ ಮೊದಲ ಮೂಗಿನ ತುದಿ ಮ್ಯಾಲೆ. ಕುಂಚ ಎಲ್ಲಾ ಸೀಮಿಎಣ್ಣಿ ಡಬ್ಬ್ಯಾಗ ಒಗದು, ನೆಟ್ ಕೆಫೆ ಇಟ್ಟಿದ್ದ ಗೆಳ್ಯಾನ ಹತ್ರ ಹೋಗಿ ಕುಂತೆ. ಅಂವಾ ಅಂದ, "ಇನ್ನ ಮುಂದ ಬೋರ್ಡ್ ಎಲ್ಲಾ ಇಂಟರ್ನೆಟ್‌ನ್ಯಾಗ ಇರತಾವಲೇ." ನಾನೂ ಸರಿ, ಹಂಗಾರ ಅಲ್ಲೇ ಬರಿಯೋಣ ಅಂದೆ. ನನ್ನ ಹೊಸ ದಂಧೆ ಶುರು ಆಗಿದ್ದು ಇಷ್ಟ ವಿಚಾರದ ಮ್ಯಾಲೆ.

ಯಾವ ವೆಬ್‌ಸೈಟ್ ಇದ್ರೂ ಅದರ ಹಿಂದ ಅಡಗಿರೋ ಕೋಡ್ ಬರವಣಿಗಿ ತಗದು ನೋಡಬಹುದು ಅಂತ ಗೆಳ್ಯಾ ತೋರಿಸಿಕೊಟ್ಟ. ನೋಡತೀನಿ, ಪರದೆ ತುಂಬ ಇಂಗ್ಲೀಷ್. ಬ್ಯಾರೆಯವರಾದ್ರ ಹೆದರಿ ಎದ್ದು ಹೋಗತಿದ್ದರು. ನನಗ ತಿಳೀಲಾರದ್ದನ್ನ ನೋಡಿ ನೋಡಿ ಬರಿಯೋದು ಮೊದಲಿಂದ ರೂಢಿ. ಕುಂತು ಇಳಸಾಕ ಹತ್ತಿದೆ. ಒಂದ ಚುಕ್ಕಿ ತಪ್ಪಿದ್ರ ಪುಟ ಎಲ್ಲಾ ಮಾಯ ಆಗತಿತ್ತು, ಆ ಚುಕ್ಕಿ ಹುಡುಕೋದರಾಗ ಸಂಜಿ ಆಗತಿತ್ತು. ನಾ ಮಾಡಿದ ಮೊದಲನೇ ಪುಟದಾಗ ಅಕ್ಷರ ಎಷ್ಟು ದೊಡ್ಡವು ಇದ್ದವಂದ್ರ ಪರದೆ ಮ್ಯಾಲೆ ಒಂದಕ್ಕಿಂತ ಹೆಚ್ಚಿಗಿ ಹಿಡೀಲಿಲ್ಲ. "ಯಾಕಲೇ ಇಷ್ಟು ದೊಡ್ಡದು?" ಅಂದ ಗೆಳ್ಯಾ. "ಓಡೋ ಬಸ್ಸಿನಾಗಿಂದ ಕಾಣಬೇಕಲ್ಲೋ" ಅಂದೆ. ಅಂವಾ ಎದ್ದು ಹೊರಗ ಹೋಗಿ ನಕ್ಕು ಬಂದ.

ಹಿಂಗ ಬಿದ್ದು ಎದ್ದು ಕಲತೆ. ಹಳೇ ಕಂಪ್ಯೂಟರ್ ಒಂದು ಮನೀಗಿ ತಂದೆ. ಮೊದಲನೇ ಗಿರಾಕಿ ಅಥಣಿಯ ಒಣದ್ರಾಕ್ಷಿ ವ್ಯಾಪಾರಿ. ದ್ರಾಕ್ಷಿ ಫೋಟೋ ಸಣ್ಣದಿದ್ರೂ ನಡೀತೈತಿ, ಅಣ್ಣತಮ್ಮಂದಿರ ಫೋಟೋ ಎಲ್ಲಾ ಒಂದ ಅಳತೀದು ಇರಬೇಕು, ಇಲ್ಲಂದ್ರ ಮನ್ಯಾಗ ಅನ್ನ ಹುಟ್ಟಂಗಿಲ್ಲ ಅಂದ. ಅದಾದ ಮ್ಯಾಲೆ ಬೋರಗಾಂವದ ಮಗ್ಗದವರು ಬಂದ್ರು, ಚಿಕ್ಕೋಡಿ ಮಂಗಲ ಕಾರ್ಯಾಲಯದವರು ಬಂದ್ರು. ನನಗಂತೂ ಈ ಕೆಲಸ ಭಾಳ ಹಿಡಿಸಿತು. ಬೋರ್ಡಿನ ಮ್ಯಾಲೆ ಒಂದ ಕಾಗುಣಿತ ತಪ್ಪಿದ್ರ ಊರ ಮಂದಿ ವರ್ಷಾನುಗಟ್ಟಲೆ ನಗತಿದ್ದರು. ಇಲ್ಲಿ ಯಾರರೆ ನೋಡೋದರಾಗ ತಿದ್ದಬಹುದು.

ಅವ್ವಗ ಮಾತ್ರ ಹಿಡಿಸಲಿಲ್ಲ. ಬೋರ್ಡ್ ಬರಿಯೋ ಕಾಲಕ್ಕ ನನ್ನ ಕೈ, ಅಂಗಿ, ಕಿವಿ ತನಕ ಬಣ್ಣ ಹತ್ತಿರತಿತ್ತು, ಅದನ್ನ ನೋಡಿ ಅಕಿಗೆ ಸಮಾಧಾನ. ಈಗ ಕೈ ಸ್ವಚ್ಛ. "ಕೈ ಕೆಸರಾದ್ರ ಬಾಯಿ ಮೊಸರು ಅಂತಾರ. ನಿನ್ನ ಕೈಗೆ ಧೂಳರೆ ಹತ್ತತೈತೇನು?" ಅಂತಿದ್ದಳು.

ಅದರಾಗ ನನ್ನ ಲಗ್ನದ ಮಾತು ನಡದಿತ್ತು. ನಮ್ಮ ಕಡೆ ಹುಡುಗಿ ಕೊಡೋಕ್ಕಿಂತ ಮೊದಲ ಹಿರ್ಯಾರು ಬಂದು ಹುಡುಗನ ಕೆಲಸ ನೋಡತಾರ. ಹೊಲ ಇದ್ರ ಬದುವಿನ ಮ್ಯಾಲೆ ಅಡ್ಡಾಡತಾರ, ಅಂಗಡಿ ಇದ್ರ ಗಲ್ಲಾದ ಬಾಜೂ ಕುಂದರತಾರ, ನೌಕರಿ ಇದ್ರ ಸಾಹೇಬರನ್ನ ಕೇಳತಾರ. ವೆಬ್‌ಸೈಟ್ ಮಾಡಾವನ್ನ ಎಲ್ಲಿ ಹೋಗಿ ನೋಡಬೇಕು? ಪಾಪ, ಬಾಜೂ ಮನಿ ಕಾಕೂನ ಹತ್ರ ಚೌಕಶಿ ಮಾಡಿದ್ರು. ಕಾಕೂ ಸುಳ್ಳು ಹೇಳಾಕಿ ಅಲ್ಲ. "ಹುಡುಗ ಚಲೋ ಅದಾನ್ರಿ, ಚಟಾ ಇಲ್ಲ. ದಿನಾ ಟಿವಿ ಮುಂದ ಕುಂತು ಏನೋ ಟಕಟಕ ಒತ್ತತಿರತಾನ" ಅಂದಳು. ನೋಡಾಕ ಬಂದ ಚಿಕ್ಕೋಡಿಯ ಬೀಗರು ಚಾ ಕುಡೀಲಾರದ ಹೊಳ್ಳಿ ಹೋದ್ರು. ರಾಯಬಾಗದವರು ಚಾ ಕುಡದು ಹೋದ್ರು.

ಅಪ್ಪ ತೀರಿಕೊಂಡ ಮ್ಯಾಲೆ ನಮ್ಮ ಮನಿ ಕಾರಭಾರ ಎಲ್ಲಾ ಸೋದರಮಾವಂದು. ಅಂವಾ ಸಕ್ಕರಿ ಕಾರಖಾನ್ಯಾಗ ಕಬ್ಬಿನ ಗಾಡಿ ತೂಗೋ ಕಾಟಾದ ಮ್ಯಾಲಿದ್ದ. ನನ್ನ ತಿರುಗೋ ಖುರ್ಚಿ ನೋಡಿ "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ" ಅಂದು, ಅದರಾಗ ತಾನ ಕುಂತು ಎರಡು ಸುತ್ತು ತಿರುಗಿದ. ಆಮ್ಯಾಲೆ ಅವ್ವಗ ಹೇಳಿದ, "ನಮ್ಮ ಕಾಟಾದಾಗ ಒಂದು ಜಾಗಾ ಖಾಲಿ ಐತಿ. ಕಾಗವಾಡದವರು ಬಂದು ನೋಡಿ ಹೋಗಲಿ. ಆ ಸಂಬಂಧನೂ ಮುರೀತಂದ್ರ ಮುಂದಿನ ಸೋಮವಾರ ನಾ ಬಂದು ಇವನ್ನ ಕರಕೊಂಡು ಹೋಗಾಂವ." ಅವ್ವ ಹೂಂ ಅಂದಳು. ಕಬ್ಬಿನ ಗಾಡಿ ತೂಗೋದು ಕೆಟ್ಟ ಕೆಲಸ ಅಂತಲ್ಲ. ಒಂದ ಸಲ ಹೋದೆಂದ್ರ ಈ ಖುರ್ಚಿಗೆ ತಿರುಗಿ ಬರೋದು ಆಗಂಗಿಲ್ಲ ಅಂತ ನನಗ ಗೊತ್ತಿತ್ತು.

ಕಾಗವಾಡದವರು ಬರೋ ದಿನ ಅವ್ವ ಮುಂಜಾನೆದ್ದು ಗಲ್ಲಿ ತುಂಬ ಅಡ್ಡಾಡಿ ಚಪ್ಪಲಿ ಕೂಡಿಸಿಕೊಂಡು ಬಂದಳು. ಗಂಡಸರ ಚಪ್ಪಲಿ, ಹೆಂಗಸರ ಚಪ್ಪಲಿ, ಯಾರದೋ ಸಾಲಿ ಬೂಟು, ಎಲ್ಲಾ ಬಾಗಲ ಮುಂದ ಸಾಲಾಗಿ ಹಚ್ಚಿದಳು.

"ಏನ್ ಬೇ ಇದು?" ಅಂದೆ.

"ನಿನ್ನ ಗಿರಾಕಿ. ದವಾಖಾನಿ ಮುಂದ ನೋಡಿಲ್ಲೇನು? ಚಪ್ಪಲಿ ಎಷ್ಟು ಅದಾವು, ಡಾಕ್ಟರ್ ಅಷ್ಟು ಶಾಣ್ಯಾ."

"ಒಳಗ ಬಂದು ನೋಡಿದ್ರ?"

"ಅದು ನಿನ್ನ ಕೆಲಸ," ಅಂದು ಅವಲಕ್ಕಿ ಒಗ್ಗರಣಿ ಹಾಕಾಕ ಹೋದಳು.

ಹುಡುಗಿ ಅಜ್ಜ ಮತ್ತ ಅಪ್ಪ ಬಂದ್ರು. ಚಪ್ಪಲಿ ನೋಡಿ ಅಪ್ಪನ ಮಾರಿ ಅರಳಿತು. ತನ್ನ ಚಪ್ಪಲಿಗೆ ಜಾಗಾ ಸಿಗದ ಅಜ್ಜ ಒಂದೆರಡು ಜೋಡಿ ಕಾಲಿಲೆ ಸರಿಸಿದ. ಒಳಗ ಬಂದು ನೋಡತಾರ, ನಾ ಒಬ್ಬನ ಕುಂತೇನಿ. ಅಜ್ಜ ಕಪಾಟದ ಹಿಂದಕ್ಕೂ ಒಮ್ಮೆ ಹಣಿಕಿ ಹಾಕಿದ.

"ಮಂದಿ ಎಲ್ಲಿ ಅದಾರವಾ?"

ಅವ್ವ ಅವಲಕ್ಕಿ ತಾಟು ಕೈಯಾಗ ಹಿಡಕೊಂಡು, ಕಣ್ಣ ಮಿಟಕಸಲಾರದ, "ಕಂಪ್ಯೂಟರ್‌ನ್ಯಾಗ ಅದಾರ್ರಿ" ಅಂದಳು.

ಅಜ್ಜ ಬಗ್ಗಿ ಪರದೆ ನೋಡಿದ. ಅಲ್ಲಿ ಅಥಣಿ ವ್ಯಾಪಾರಿ ಅಣ್ಣತಮ್ಮಂದಿರ ಸಮೇತ ಹಲ್ಲು ಕಿಸಕೊಂಡು ನಿಂತಿದ್ದ. "ಹೌದು, ಅದಾರ," ಅಂದ ಅಜ್ಜ.

ಅಷ್ಟರಾಗ ಕಾಕೂ ಬಾಗಲದಾಗ ಬಂದು ನಿಂತಳು. "ಅಕ್ಕಾ, ನನ್ನ ಚಪ್ಪಲಿದು ಕೆಲಸ ಆತೇನು? ಹಾಲಿಗೆ ಹೋಗಬೇಕಾಗೈತಿ." ಅಕಿ ಹಿಂದ ಇನ್ನೊಬ್ಬಾಕಿ, "ಸಾಲಿ ಗಂಟಿ ಆಗೈತ್ರಿ, ಬೂಟು ಕೊಡ್ರಿ." ನೋಡನೋಡದರಾಗ ನನ್ನ ಗಿರಾಕಿ ಎಲ್ಲಾ ಖಾಲಿ ಆದ್ರು. ಹುಡುಗಿ ಅಪ್ಪ ಅವಲಕ್ಕಿ ತಾಟು ಕೆಳಗಿಟ್ಟು ಎದ್ದ. "ನಡೀರಿ ಅಪ್ಪಾರ, ಹೋಗೂಣು," ಅಂದ. ನಾಚಿಗಿ ಆಗಿ ನನಗ ನೆಲಾ ಬಾಯಿ ಬಿಟ್ರ ಸಾಕಾಗಿತ್ತು.

ಹೊರಗ ಹೋಗಿ ನೋಡತಾರ, ಅಜ್ಜನ ಚಪ್ಪಲಿ ಇಲ್ಲ. ಗಡಿಬಿಡ್ಯಾಗ ಯಾರೋ ಮೆಟ್ಟಿಕೊಂಡು ಹೋಗ್ಯಾರ. "ಈ ಬಿಸಲಾಗ ಬರಿಗಾಲಿಲೆ ನಾ ಬರಾಂವ ಅಲ್ಲ," ಅಂತ ಅಜ್ಜ ತಿರುಗಿ ಬಂದು ನನ್ನ ಬಾಜೂ ಕುಂತ. ಅವ್ವ ಸೆರಗು ಸಿಗಿಸಿಕೊಂಡು ಗಲ್ಲಿಗೆ ಓಡಿದಳು.

ಆಗ ಅಥಣಿಯಿಂದ ಫೋನ್ ಬಂತು. ನನ್ನ ಫೋನಿನಾಗ ಸಣ್ಣಗ ಮಾತಾಡಿದ್ರೂ ಓಣಿಗೆಲ್ಲಾ ಕೇಳತಿತ್ತು. ದ್ರಾಕ್ಷಿ ವ್ಯಾಪಾರಿ ಒದರಾಕತ್ತಿದ್ದ. "ನನಗೂ ನಡುವಿನ ತಮ್ಮಗೂ ಜಗಳ ಆಗೈತ್ರಿ. ಈಗಿಂದೀಗ ಅವನ ಫೋಟೋ ತಗೀರಿ." ನಾ ತಗದೆ. "ಹಾಂ, ಹೋದ ನೋಡ್ರಿ," ಅಂತ ಆ ಕಡೆಯಿಂದ ಧ್ವನಿ ಬಂತು.

ಅಜ್ಜ ಪರದೆ ನೋಡಿದ, ನನ್ನ ಬಟ್ಟು ನೋಡಿದ. "ನೀ ಇಲ್ಲಿ ಒತ್ತಿದ್ರ ಅಥಣ್ಯಾಗ ಮನಷ್ಯಾ ಹೋಗತಾನೇನು?"

"ಫೋಟೋ ಅಷ್ಟ ಹೋಗತೈತ್ರಿ ಅಜ್ಜಾರ."

ಮತ್ತ ಫೋನ್ ಬಂತು. "ನಮ್ಮ ಅವ್ವ ಅಳಾಕತ್ತಾಳ್ರಿ. ತಿರುಗಿ ಹಾಕಿ ಬಿಡ್ರಿ. ಆದ್ರ ಒಂದ ಸ್ವಲ್ಪ ಸಣ್ಣದ ಮಾಡಿ ಹಾಕ್ರಿ." ನಾ ಸಣ್ಣದ ಮಾಡಿ ಹಾಕಿದೆ. ಅಜ್ಜ ಹೊಟ್ಟಿ ಹಿಡಕೊಂಡು ನಕ್ಕ. ನಕ್ಕು ಮುಗದ ಮ್ಯಾಲೆ ಬಾಗಲದಾಗ ನಿಂತಿದ್ದ ಮಗಗ, "ಕುಂದರೋ, ಅವಲಕ್ಕಿ ತಿನ್ನು. ಹುಡುಗಗ ಕೆಲಸ ಐತಿ," ಅಂದ.

ಅವ್ವ ತೇಕತಾ ಚಪ್ಪಲಿ ಹಿಡಕೊಂಡು ಬಂದಳು. ಅಜ್ಜ ಅವನ್ನ ಮೆಟ್ಟಿಕೋತ ಮೆತ್ತಗ ಕೇಳಿದ, "ನಿನ್ನ ಮಗನ ಕೆಲಸ ನಾ ಕಣ್ಣಾರೆ ನೋಡಿದೆ ತಂಗಿ. ಮಂದಿ ಚಪ್ಪಲಿ ಯಾಕ ಹಚ್ಚಿದಿ? ನಿನಗ ಭರೋಸಾ ಇಲ್ಲೇನು?"

ಅವ್ವ ಅವಲಕ್ಕಿ ತಾಟು ಎತ್ತಿಕೊಂಡು ಒಳಗ ನಡದಳು. ಇಷ್ಟು ದಿನ ಅಕಿ ಮಂದಿ ಬಾಯಿಗೆ ಹೆದರತಾಳ ಅಂತ ನಾ ತಿಳಕೊಂಡಿದ್ದೆ. ಅಕಿಗೂ ನಂಬಿಗಿ ಇರಲಿಲ್ಲ ಅಂತ ಆಗ ತಿಳೀತು. ಅವರು ಹೋದ ಮ್ಯಾಲೆ ಇಬ್ಬರೂ ಕುಂತು ಉಳದ ಅವಲಕ್ಕಿ ತಿಂದ್ವಿ.

ಅಷ್ಟೆಲ್ಲಾ ಆಗಿ, ಶನಿವಾರ ಕಾಗವಾಡದಿಂದ ನಿರೋಪ ಬಂತು. ಕೆಲಸ ಪಸಂದ ಐತಿ, ಹುಡುಗನೂ ಪಸಂದ, ಆದ್ರ ಜಾತಕ ಕೂಡಲಿಲ್ಲ ಅಂತ. ಜಾತಕದ ಮ್ಯಾಲೆ ಯಾರರೆ ಸಿಟ್ಟಾಗತಾರೇನು? ಆದ್ರೂ ನಾ ಆದೆ.

ಸೋಮವಾರ ಮುಂಜಾನೆ ಮಾವನ ಗಾಡಿ ಬಾಗಲ ಮುಂದ ನಿಂತಿತು. ನನಗಂತ ಇಸ್ತ್ರಿ ಮಾಡಿದ ಅಂಗಿ ಒಂದು ತಂದಿದ್ದ. ನಾ ಚಿಕ್ಕೋಡಿ ಮಂಗಲ ಕಾರ್ಯಾಲಯದ ಪುಟ ತಿದ್ದಕೋತ ಕುಂತಿದ್ದೆ. ಹೊಳ್ಳಿ ನೋಡಲಿಲ್ಲ. ಅವ್ವ ಹೊಸ್ತಿಲದಾಗ ಹೋಗಿ ನಿಂತಳು.

"ಎಲ್ಲಿ ಅದಾನ? ತಯಾರಾದನೇನು?" ಅಂದ ಮಾವ.

"ಅಂವಾ ಡ್ಯೂಟಿ ಮ್ಯಾಲೆ ಅದಾನ."

"ಯಾವ ಡ್ಯೂಟಿ?"

"ಅದು ನನಗ ತಿಳಿಯಂಗಿಲ್ಲ. ಆದ್ರ ನಡುವ ಎಬ್ಬಸಬಾರದು. ನೀ ಚಾ ಕುಡದು ಹೋಗು, ಸಪ್ಪಳ ಮಾಡಬ್ಯಾಡ."

ಮಾವ ಅಂಗಿ ತೊಡಿ ಮ್ಯಾಲೆ ಇಟಗೊಂಡು, ಕಪ್ಪಿನಿಂದ ಬಶ್ಯಾಗ ಹಾಕ್ಕೊಂಡ ಚಾ ಸುರ್ ಅನಸಲಾರದ ಕುಡದ.