ಅಕ್ಕನ ಕೈ ಮತ್ತು ನಾನು ಬರೆಯಬೇಕಾದ ದೂರು

ಕಳೆದ ಶುಕ್ರವಾರ ಒಬ್ಬ ಡಾಕ್ಟರ ಮೇಲೆ ದೂರು ಬರೆಯಲು ಕುಳಿತೆ. ಮೂರು ಸಾಲು ಸರಾಗವಾಗಿ ಬಂತು. ನಾಲ್ಕನೆಯದಕ್ಕೆ ಪೆನ್ನು ನಿಂತಿತು. ಇನ್ನೂ ನಿಂತೇ ಇದೆ.

ಕಮಲಾಪುರದ ನಮ್ಮ ಅಕ್ಕ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಕಲಬುರ್ಗಿಗೆ ಕರೆತಂದೆ. (ಇಲ್ಲಿನ ಬ್ರಹ್ಮಪುರದಲ್ಲಿ ಮನೆ ಇದ್ದವನಿಗೆ ನೆಂಟರ ಆಸ್ಪತ್ರೆ ಕೆಲಸ ತಪ್ಪಿದ್ದಲ್ಲ.) ಡಾಕ್ಟರು ಎಲುಬು ಕೂಡಿಸಿ ಪ್ಲಾಸ್ಟರ್ ಹಾಕಿದರು. ಬಸ್ಸಿಗೆ ಹೊತ್ತಾಗಿತ್ತು. ದಾರಿಯುದ್ದಕ್ಕೂ ಅಕ್ಕ ನೋವು ಎಂದಳು. ಮುರಿದ ಕೈ ನೋಯದೇ ಇರುತ್ತದೆಯೇ, ತಾಳಿಕೋ ಎಂದು ಹೇಳಿ, ಅವಳನ್ನು ಮನೆಗೆ ಮುಟ್ಟಿಸಿ ಬಂದೆ.

ಅವಳು ನಾಲ್ಕು ದಿನ ತಾಳಿಕೊಂಡಳು. ಬೆರಳು ಕಪ್ಪಾದವು. ಪ್ಲಾಸ್ಟರ್ ಬಿಗಿಯಾಗಿತ್ತಂತೆ. ಈಗ ಮೂರು ಬೆರಳು ಮಡಚುವುದಿಲ್ಲ. ಕಂಡವರು ಕೇಳಿ ಕೌದಿ ಹೊಲಿಸಿಕೊಳ್ಳುತ್ತಿದ್ದ ಕೈ ಅದು. ಸೂಜಿ ಹಿಡಿಯಲಾಗುತ್ತಿಲ್ಲ.

ಮಾವನಿಗೆ (ಅಕ್ಕನ ಗಂಡ) ವಿಪರೀತ ಸಿಟ್ಟು. ದೂರು ಕೊಡಲೇಬೇಕು ಎಂದರು. ಕೊಡುವುದು ಯಾರಿಗೆ? ಪೋಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಹೋದಮೇಲೆ ನಮ್ಮ ಕಚೇರಿಗಳಲ್ಲಿ ಕುರ್ಚಿಗಳು ಹಳೆಯವು, ಸಾಹೇಬರು ಹೊಸಬರು. ಒಬ್ಬ ಗುಮಾಸ್ತ ಹೈದರಾಬಾದಿಗೆ ಕಳಿಸಿ ಎಂದ. ಇನ್ನೊಬ್ಬ ಕಲೆಕ್ಟರಿಗೇ ಕೊಡಿ ಎಂದ. ಒಬ್ಬನಿಗೆ ಉರ್ದು ಬೇಕು, ಇನ್ನೊಬ್ಬನಿಗೆ ಇಂಗ್ಲಿಷ್. ಕನ್ನಡದಲ್ಲಿ ನರಳುವವರು ಎಲ್ಲಿಗೆ ಹೋಗಬೇಕು?

ಒಂದು ಮಾತಿಗೆ ಮಾತ್ರ ಇಬ್ಬರೂ ಒಪ್ಪಿದರು. ಡಾಕ್ಟರು ಯಾವ ಎಚ್ಚರಿಕೆಯನ್ನೂ ಹೇಳಲಿಲ್ಲ ಎಂದು ಜೊತೆಗಿದ್ದವರು ಸಹಿ ಹಾಕಬೇಕು. ಜೊತೆಗಿದ್ದವನು ನಾನೊಬ್ಬನೇ.

ಆ ನಾಲ್ಕನೆಯ ಸಾಲು ಬರೆಯುವ ಮೊದಲು ಡಾಕ್ಟರನ್ನೇ ಕೇಳೋಣವೆಂದು ಹೋದೆ. ಅವರು ಸಿಟ್ಟಾಗಲಿಲ್ಲ. ಕೈ ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ಮೆಲ್ಲಗೆ, "ಬೆರಳು ಬಾತ್ರ ಒಂದಿನಾನೂ ತಡೀಬ್ಯಾಡ್ರಿ, ಕರ್ಕೊಂಡು ಬರ್ರಿ ಅಂತ ನಿಮಗೇ ಹೇಳೀನ್ರೀ. ನೀವು ಹೂಂ ಅಂದ್ರಿ" ಎಂದರು.

ಹೇಳಿದ್ದರೇ? ಬಾಗಿಲಲ್ಲಿ ಏನೋ ಹೇಳಿದ್ದು ನಿಜ. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಹೂಂ ಅಂದದ್ದೂ ನಿಜ. ಆದರೆ ಯಾವ ಮಾತಿಗೆ? ಸುಳ್ಳು ಹೇಳಲು ಡಾಕ್ಟರಿಗೆ ಕಾರಣವಿದೆ. ಮರೆಯಲು ನನಗೂ ಇದೆ. ಹೇಳಿದ್ದರೆಂದೇ ಇಟ್ಟುಕೊಳ್ಳಿ, ಅಷ್ಟು ಬಿಗಿಯಾಗಿ ಕಟ್ಟಿದ್ದು ಯಾರು? ಅವಸರದಲ್ಲಿದ್ದ ನನಗೆ ಹೇಳುವ ಬದಲು, ಕೈ ಮುರಿದಿದ್ದ ಅಕ್ಕನಿಗೇ ಏಕೆ ಹೇಳಲಿಲ್ಲ?

ಭಾನುವಾರ ಕಮಲಾಪುರಕ್ಕೆ ಹೋಗಿ ಎಲ್ಲವನ್ನೂ ಒಪ್ಪಿಸಿದೆ. ಮಾವ ನನ್ನ ಮುಖ ನೋಡದೆ, ಹೇಳಿಲ್ಲವೆಂದು ಬರೆದು ಸಹಿ ಹಾಕಿಬಿಡು ಎಂದರು. ಅಕ್ಕ ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಅವರು ಏನೋ ಅಂದ್ರು ತಮ್ಮಾ. ನೀ ಹೂಂ ಅಂದಿ. ನಿನಗ ತಿಳದದ ಅಂತ ನಾ ಸುಮ್ಮನಾದೆ" ಎಂದಳು. ಅಕ್ಕಿಯಿಂದ ಒಂದು ಕಲ್ಲು ತೆಗೆದು ಎಸೆದು, "ದೂರು ಬರಿ. ಖರೆ ನೆನಪಿದ್ದಷ್ಟೇ ಬರಿ" ಎಂದಳು.

ನೆನಪಿದ್ದಷ್ಟೇ ಬರೆದರೆ, ಓದುಗರೇ, ಅದು ಯಾರ ಮೇಲಿನ ದೂರಾಗುತ್ತದೆ?